ಮಗಳಿಗೆ ಗ್ರೀಕ್ ಮೂಲದ ಅಪರೂಪದ ಹೆಸರು (ಐ-ಎ-ಎನ್-ಟಿ-ಎಚ್-ಇ): ಇಡಬಹುದೇ? ಕನ್ನಡದಲ್ಲಿ ಹೇಗೆ ಬರೆಯುವುದು?

ತುಂಗಾತೀರ ಕೇಳಿದ್ದು:

ನಾವು ಮೆಲ್ಬರ್ನ್‌ನಲ್ಲಿರುವ ಕನ್ನಡಿಗರು. ಮಗಳು ಹುಟ್ಟಿದ್ದಾಳೆ. ಕೃತ್ತಿಕಾ ನಕ್ಷತ್ರ, 2ನೇ ಪಾದ, ಅಕ್ಷರ ‘ಈ’. ಈಶಾ, ಇಂಚರ, ಇಂದು, ಇಳಾ ಎಲ್ಲ ನೆಂಟರಲ್ಲಿ ಆಗಲೇ ಇವೆ. ಹುಡುಕುವಾಗ ಗ್ರೀಕ್ ಮೂಲದ ಈ ಹೆಸರು ಕಣ್ಣಿಗೆ ಬಿತ್ತು. ಇಂಗ್ಲಿಷ್ ಅಕ್ಷರಗಳು ಐ-ಎ-ಎನ್-ಟಿ-ಎಚ್-ಇ. ನೇರಳೆ ಬಣ್ಣದ ಹೂವು ಎಂಬ ಅರ್ಥ ಇಬ್ಬರಿಗೂ ಹಿಡಿಸಿದೆ.

ತಿಳಿದವರು ಹೇಳಬೇಕಾದ್ದು ಇಷ್ಟು. ಸರಿಯಾದ ಉಚ್ಚಾರ ಯಾವುದು? ಇಯಾಂತೆ, ಅಯಾಂಥಿ, ಐಯಾಂಥೆ ಎಂದು ಒಬ್ಬೊಬ್ಬರು ಒಂದೊಂದು ಥರ ಓದುತ್ತಿದ್ದಾರೆ. ಕನ್ನಡದಲ್ಲಿ ಯಾವ ರೂಪ ನಿಲ್ಲುತ್ತದೆ? ಪುರಾಣದಲ್ಲಿ ಈ ಹೆಸರಿಗೆ ಅಂಟಿಕೊಂಡ ಕೆಟ್ಟ ಕಥೆ ಏನಾದರೂ ಇದೆಯೇ? ಪಾಸ್‌ಪೋರ್ಟ್, ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡ್) ಮಾಡಿಸುವಾಗ ತೊಡಕಾಗುತ್ತದೆಯೇ? ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಅಷ್ಟೇ ಹೇಳದೆ ಕಾರಣವನ್ನೂ ಬರೆಯಿರಿ.

---

ಪದಮೂಲ

ಹೆಣ್ಣುಮಗುವಿಗೆ ಅಭಿನಂದನೆ. ಹೆಸರು ನನಗೆ ತುಂಬ ಇಷ್ಟವಾಯಿತು. ಆದರೆ ಇದು ಉಚ್ಚಾರವನ್ನು ಮೊದಲ ದಿನವೇ ಗಟ್ಟಿ ಮಾಡಿಕೊಳ್ಳಬೇಕಾದ ಹೆಸರು. ಸಡಿಲ ಬಿಟ್ಟರೆ ಹತ್ತು ವರ್ಷದಲ್ಲಿ ಐದು ರೂಪಗಳಾಗಿ ಹಂಚಿಹೋಗುತ್ತದೆ.

ಅರ್ಥ ನೀವು ಓದಿದ್ದೇ ಸರಿ. ಗ್ರೀಕಿನಲ್ಲಿ ‘ಇಒನ್’ ಎಂದರೆ ವಯೊಲೆಟ್ ಗಿಡ ಮತ್ತು ಅದರ ಹೂ, ‘ಅಂಥೊಸ್’ ಎಂದರೆ ಹೂ. ಭೌತಶಾಸ್ತ್ರದ ‘ಅಯಾನ್’ಗೂ ಈ ‘ಇಒನ್’ಗೂ ಸಂಬಂಧವಿಲ್ಲ. ಆ ಪದ ‘ಹೋಗು’ ಎಂಬ ಕ್ರಿಯಾಪದದಿಂದ ಬಂದದ್ದು. ಅಯೋಡಿನ್ ಮಾತ್ರ ನಿಜವಾದ ನೆಂಟ. 1811ರಲ್ಲಿ ಕುರ್ತ್ವಾ ಕಂಡುಹಿಡಿದ ಆ ಧಾತುವಿಗೆ ಅದರ ಆವಿಯ ನೇರಳೆ ಬಣ್ಣ ನೋಡಿಯೇ ಹೆಸರಿಟ್ಟರು. ಹಳೆಯ ಗ್ರೀಕರಿಗೆ ಈ ಹೂವಿನ ಮೇಲೆ ಪ್ರೀತಿ ಹೆಚ್ಚು. ಕವಿ ಪಿಂಡಾರ್ ಅಥೆನ್ಸ್ ನಗರವನ್ನೇ ‘ವಯೊಲೆಟ್ ಕಿರೀಟ ಧರಿಸಿದವಳು’ ಎಂದು ಕರೆದ.

ಕಥೆಗಳು ಮೂರಿವೆ, ಮೂರರಲ್ಲೂ ಈಕೆಗೆ ಕಳಂಕವಿಲ್ಲ. ಕ್ರಿ.ಪೂ. 700ರ ಆಸುಪಾಸಿನ ಹೆಸಿಯಡ್ ಕವಿ ಓಕಿಯನಸ್ ಮತ್ತು ಟೆಥಿಸ್ ಎಂಬ ಜಲದೇವತೆಗಳ ದಂಪತಿಗೆ 3,000 ಜಲಕನ್ಯೆಯರು ಮಕ್ಕಳೆಂದು ಹೇಳಿ ನಲವತ್ತರಷ್ಟು ಹೆಸರು ಹೇಳುತ್ತಾನೆ. ಅದರಲ್ಲಿ ಇದೂ ಒಂದು. ಡಿಮೀಟರ್ ದೇವಿಯ ಮೇಲಿನ ಪ್ರಾಚೀನ ಸ್ತುತಿಯಲ್ಲಿ ಆ ದೇವಿಯ ಮಗಳು ಪರ್ಸೆಫನಿಯ ಜೊತೆ ಹೂ ಕೊಯ್ಯುತ್ತಿದ್ದ ಗೆಳತಿಯರ ಪಟ್ಟಿಯಿದೆ. ಅಲ್ಲೂ ಈ ಹೆಸರು ಬರುತ್ತದೆ, ಅವರು ಕೊಯ್ಯುತ್ತಿದ್ದ ಹೂಗಳಲ್ಲಿ ವಯೊಲೆಟ್ಟೂ ಬರುತ್ತದೆ. ಅಪಹರಣವಾಗುವುದು ಪರ್ಸೆಫನಿಯದ್ದು, ಈಕೆಯದಲ್ಲ.

ಮೂರನೆಯದು ರೋಮನ್ ಕವಿ ಓವಿಡ್ ಹೇಳಿದ್ದು. ಕ್ರೀಟ್ ದ್ವೀಪದ ಫೈಸ್ಟಸ್ ಎಂಬ ಊರು. ಹೆಣ್ಣು ಹುಟ್ಟಿದರೆ ಕೊಂದುಬಿಡಬೇಕು ಎಂದು ಗಂಡ ಹೇಳಿರುತ್ತಾನೆ. ಹೆಂಡತಿ ಟೆಲಿಥೂಸಾ ಹುಟ್ಟಿದ ಹೆಣ್ಣುಮಗುವನ್ನು ಗಂಡೆಂದು ಸಾಕಿ ಇಫಿಸ್ ಎಂದು ಹೆಸರಿಡುತ್ತಾಳೆ. ಇಫಿಸ್‌ಗೆ ನಿಶ್ಚಯವಾಗುವ ಕನ್ಯೆಯೇ ನಿಮ್ಮ ಹೆಸರಿನವಳು, ಊರಿಗೇ ಚೆಲುವೆ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಪ್ರೀತಿ. ಮದುವೆಯ ಹಿಂದಿನ ದಿನ ಐಸಿಸ್ ದೇವಿ ಇಫಿಸ್‌ಳನ್ನು ಗಂಡಾಗಿ ಮಾಡುತ್ತಾಳೆ, ಮದುವೆ ಸುಖವಾಗಿ ನಡೆಯುತ್ತದೆ. ನಮ್ಮವರಿಗೆ ಶಿಖಂಡಿಯ ನೆನಪು ಬರಬಹುದು. ಆದರೆ ಇಲ್ಲಿ ಸೇಡಿಲ್ಲ, ಯುದ್ಧವಿಲ್ಲ. ಓವಿಡ್‌ನ ರೂಪಾಂತರದ ಕಥೆಗಳಲ್ಲಿ ಇಷ್ಟು ಸಂತೋಷವಾಗಿ ಮುಗಿಯುವುದು ಬಹಳ ಕಡಿಮೆ.

ಇನ್ನು ಉಚ್ಚಾರ. ಗ್ರೀಕ್ ಲಿಪಿಯಲ್ಲಿ ಐದೇ ಅಕ್ಷರ: ಐಯೋಟಾ, ಆಲ್ಫಾ, ನ್ಯೂ, ಥೀಟಾ, ಈಟಾ. ಒಂದೊಂದನ್ನೂ ಕನ್ನಡದ ಎದುರು ಇಟ್ಟು ನೋಡಿ.

ಮೊದಲ ಅಕ್ಷರ ‘ಇ’. ಗ್ರೀಕಿನಲ್ಲಿ ಅದು ಯಾವತ್ತೂ ‘ಐ’ ಆಗಿರಲಿಲ್ಲ. ‘ಐ’ ಮಾಡಿದ್ದು ಇಂಗ್ಲಿಷರು.

ಎರಡನೆಯದು ‘ಅ’, ಹ್ರಸ್ವ. ಇಂಗ್ಲಿಷಿನಲ್ಲಿ ಇದು ‘ಬ್ಯಾಂಕ್’ ಪದದ ಸ್ವರವಾಗಿಬಿಟ್ಟಿದೆ. ಅದನ್ನು ಕೇಳಿಸಿಕೊಂಡು ನಾವು ‘ಯಾ’ ಎಂದು ಬರೆಯುತ್ತೇವೆ. ಗ್ರೀಕಿಗೆ ಹತ್ತಿರವಿರುವುದು ‘ಯಾ’ ಅಲ್ಲ, ‘ಯ’.

ಥೀಟಾ ಅಂದರೆ ಹಳೆಯ ಗ್ರೀಕಿನಲ್ಲಿ ಮಹಾಪ್ರಾಣ ‘ಥ’, ನಮ್ಮ ರಥ, ಕಥೆಗಳಲ್ಲಿರುವ ಅದೇ ಧ್ವನಿ. ಇಂದಿನ ಗ್ರೀಕಿನಲ್ಲಿ ನಾಲಿಗೆಯನ್ನು ಹಲ್ಲಿಗೆ ತಾಗಿಸಿ ಗಾಳಿ ಬಿಡುವ, ಇಂಗ್ಲಿಷಿನ ‘ಥಿಂಕ್’ ಧ್ವನಿ. ಎರಡಕ್ಕೂ ಕನ್ನಡದಲ್ಲಿ ‘ಥ’ ಬರೆದರೆ ಸರಿಯೇ. ಹಾಗೆ ನೋಡಿದರೆ ಹಳೆಯ ಉಚ್ಚಾರವನ್ನು ಇಂಗ್ಲಿಷ್ ಲಿಪಿಗಿಂತ ಕನ್ನಡ ಲಿಪಿಯೇ ಚೊಕ್ಕವಾಗಿ ಹಿಡಿಯುತ್ತದೆ.

ಕೊನೆಯ ಈಟಾ ಆ ಕಾಲದಲ್ಲಿ ದೀರ್ಘ ‘ಏ’, ಈಗ ‘ಇ’. ಮೆಲ್ಬರ್ನ್‌ನಲ್ಲಿ ಗ್ರೀಕರು ಬಹಳ. ಅವರ ಬಾಯಲ್ಲಿ ಇದು ‘ಇ-ಯಂ-ಥಿ’, ಒತ್ತು ನಡುವಿನ ‘ಯಂ’ ಮೇಲೆ. ಇಂಗ್ಲಿಷ್ ಉಚ್ಚಾರ ‘ಅಯ್-ಯಾನ್-ಥಿ’. ಗಮನಿಸಿ, ಎರಡರಲ್ಲೂ ಕೊನೆಗೆ ‘ಥಿ’ ಇದೆ. ‘ಥೆ’ ಎಂದು ಓದುವುದು ಇಂಗ್ಲಿಷ್ ಕಾಗುಣಿತದ ಕೊನೆಯ ‘ಇ’ ಅಕ್ಷರವನ್ನು ನಾವು ಎಕಾರ ಎಂದುಕೊಳ್ಳುವುದರಿಂದ.

ನನ್ನ ಸಲಹೆ: ಇಯಂಥಿ. ಗ್ರೀಕಿಗೆ ಹತ್ತಿರ, ಪಾದಾಕ್ಷರಕ್ಕೂ ಹೊಂದುತ್ತದೆ, ಕನ್ನಡದ ಸಂಧಿಗೂ ಸರಿ. ‘ಇ’ ಆದಮೇಲೆ ‘ಅ’ ಬಂದರೆ ನಡುವೆ ಯಕಾರಾಗಮ ಆಗುವುದು ನಮ್ಮ ನಾಲಿಗೆಯ ಸಹಜ ಸ್ವಭಾವ (ಗಿರಿ + ಅನ್ನು = ಗಿರಿಯನ್ನು). ಹಾಗಾಗಿ ಆ ‘ಯ’ ಹೊರಗಿನಿಂದ ತುರುಕಿದ್ದು ಅನಿಸುವುದಿಲ್ಲ.

---

ಬಸವನಗುಡಿ ಓದುಗ

ಪದಮೂಲ ಅವರು ಹೇಳಿದ್ದಕ್ಕೆ ಕನ್ನಡದ ಕಿವಿಯ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ, ಏಕೆಂದರೆ ನಿಜವಾದ ಅಪಾಯ ಇರುವುದು ಅಲ್ಲೇ.

‘ಇಯಂತೆ’ ಅಥವಾ ‘ಇಯಾಂತೆ’ ಎಂದು ದಯವಿಟ್ಟು ಎಲ್ಲೂ ಬರೆಯಬೇಡಿ. ಕನ್ನಡದಲ್ಲಿ ‘ಅಂತೆ’ ಕೇಳಿದ ಸುದ್ದಿಯ ಗುರುತು. ‘ಬಂದಳಂತೆ’, ‘ಹೋದಳಂತೆ’, ಅದರ ಹಿಂದೆಯೇ ‘ಅಂತೆ ಕಂತೆ’. ‘ಇಯಂತೆ ಬಂದಳಂತೆ’ ಎಂದು ಒಮ್ಮೆ ಜೋರಾಗಿ ಹೇಳಿ ನೋಡಿ. ಊರಿಗೆ ಬಂದಾಗ ಸೋದರಸಂಬಂಧಿ ಮಕ್ಕಳು ಇದನ್ನು ಬಿಡುವುದೇ ಇಲ್ಲ. ಕೊನೆಯಲ್ಲಿ ‘ಥಿ’ ಇಟ್ಟರೆ ಈ ಸಮಸ್ಯೆ ಪೂರ್ತಿ ಹೋಗುತ್ತದೆ.

ಎರಡನೆಯದು ದೀರ್ಘದ ವಿಚಾರ. ಮಾತಿನಲ್ಲಿ ನಾವು ಮಹಾಪ್ರಾಣವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತೇವೆ, ‘ಥಿ’ ‘ತಿ’ ಆಗುತ್ತದೆ. ‘ಇಯಾಂಥಿ’ ಎಂದು ಬರೆದರೆ ಬಾಯಲ್ಲಿ ‘ಇಯಾಂತಿ’. ಅದಕ್ಕೆ ಪ್ರಾಸವಾಗಿ ಶಾಂತಿ, ಕಾಂತಿ ಇವೆ, ಒಳ್ಳೆಯದು. ಆದರೆ ವಾಂತಿಯೂ ಇದೆ, ಶಾಲೆಯ ಮಕ್ಕಳು ಮೊದಲು ಹುಡುಕುವುದು ಅದನ್ನೇ. ಹ್ರಸ್ವ ‘ಯಂ’ ಇಟ್ಟುಕೊಂಡರೆ ಪ್ರಾಸ ಬದಲಾಗುತ್ತದೆ: ಜಯಂತಿ, ವಾಸಂತಿ, ಸೇವಂತಿ, ದಮಯಂತಿ. ಈ ಸಾಲಿನಲ್ಲಿ ‘ಇಯಂಥಿ’ ಪರದೇಶಿ ಅನಿಸುವುದೇ ಇಲ್ಲ. ಅಜ್ಜಿ ‘ಇಯಂತಿ’ ಎಂದರೂ ಹೆಸರು ಕೆಡುವುದಿಲ್ಲ.

ಬೇಗ ಬೇಗ ಕರೆದಾಗ ನಡುವಿನ ‘ಯ’ ಸವೆದು ‘ಇಂತಿ’ ಆಗುವ ಸಾಧ್ಯತೆಯಿದೆ. ‘ಇಂತಿ ನಿಮ್ಮ ವಿಶ್ವಾಸಿ’ ಎಂಬ ಪತ್ರದ ಒಕ್ಕಣೆ ಹಿರಿಯರಿಗೆ ನೆನಪಾಗಬಹುದು. ಕೆಟ್ಟ ಅರ್ಥವೇನೂ ಅಲ್ಲ. ಆದರೂ ಮನೆಯವರು ‘ಯಂ’ ಮೇಲೆ ಸ್ವಲ್ಪ ಒತ್ತು ಕೊಟ್ಟು ಕರೆಯುವ ಅಭ್ಯಾಸ ಮಾಡಿದರೆ ಅದು ಸವೆಯುವುದಿಲ್ಲ. ಗ್ರೀಕರ ಒತ್ತೂ ಅಲ್ಲೇ ಬೀಳುತ್ತದೆಯಲ್ಲ.

ವಿಭಕ್ತಿ ಹಚ್ಚಿ ನೋಡಿ: ಇಯಂಥಿಗೆ, ಇಯಂಥಿಯ, ಇಯಂಥಿಯನ್ನು, ಇಯಂಥಿಯಿಂದ. ಎಲ್ಲೂ ಎಡವುವುದಿಲ್ಲ. ದೂರದಿಂದ ಕೂಗಿದರೆ ‘ಇಯಂಥೀ’. ಹೆಸರನ್ನು ಆರಿಸುವಾಗ ಈ ಕೂಗುವ ಪರೀಕ್ಷೆಯನ್ನು ಜನ ಮರೆಯುತ್ತಾರೆ. ಕೊನೆಯಲ್ಲಿ ವ್ಯಂಜನವಿರುವ ವಿದೇಶಿ ಹೆಸರುಗಳು ಇಲ್ಲೇ ಸೋಲುವುದು, ನಾವು ಅವಕ್ಕೆ ಒಂದು ‘ಉ’ ಅಂಟಿಸಿಬಿಡುತ್ತೇವೆ.

---

ಕಾಡುಮಲ್ಲಿಗೆ

ಸಸ್ಯಗಳ ಹೆಸರು ಗೊತ್ತಿರುವವರಿಗೆ ಈ ‘ಅಂಥೊಸ್’ ದಿನವೂ ಸಿಗುವ ಪದ. ನೆಂಟರು ‘ಇದೇನು ಹೆಸರು’ ಎಂದು ಕೇಳಿದಾಗ ಹೇಳಲು ನಮ್ಮದೇ ಅಂಗಳದ ಉದಾಹರಣೆಗಳಿವೆ.

ಪಾರಿಜಾತದ ಸಸ್ಯಶಾಸ್ತ್ರೀಯ ಹೆಸರು ನಿಕ್ಟಾಂಥಿಸ್ ಆರ್ಬರ್-ಟ್ರಿಸ್ಟಿಸ್. ಮೊದಲ ಪದ ಗ್ರೀಕ್, ‘ರಾತ್ರಿಯ ಹೂ’. ಸೇವಂತಿಗೆಯ ಕ್ರಿಸಾಂಥಿಮಮ್ ‘ಚಿನ್ನದ ಹೂ’. ಸುಗಂಧರಾಜಕ್ಕೆ ಬಹುಕಾಲ ಇದ್ದ ಹೆಸರು ಪೋಲಿಯಾಂಥಿಸ್, ಅದರಲ್ಲೂ ಅದೇ ‘ಅಂಥೊಸ್’. ಎಲ್ಲಕ್ಕಿಂತ ನಿಮ್ಮ ಹೆಸರಿಗೆ ಹತ್ತಿರವಾದದ್ದು ಕುರಿಂಜಿ. ಚಂದ್ರದ್ರೋಣ ಪರ್ವತಸಾಲಿನಲ್ಲಿ 12 ವರ್ಷಕ್ಕೊಮ್ಮೆ ಇಡೀ ಗುಡ್ಡವನ್ನು ನೀಲಿ-ನೇರಳೆ ಮಾಡುವ ಆ ಗಿಡದ ಕುಲನಾಮ ಸ್ಟ್ರೋಬಿಲಾಂಥಿಸ್. ನೇರಳೆ ಬಣ್ಣವೂ ಇದೆ, ‘ಅಂಥೊಸ್’ ಕೂಡ ಇದೆ. ನನಗೆ ಈ ನಂಟು ಬಹಳ ಸುಂದರವಾಗಿ ಕಾಣುತ್ತದೆ.

ವೈದಿಕ ಸಂಸ್ಕೃತದಲ್ಲಿ ‘ಅಂಧಸ್’ ಎಂಬ ಪದವಿದೆ. ಮೂಲಿಕೆ, ವಿಶೇಷವಾಗಿ ಸೋಮಲತೆ ಮತ್ತು ಅದರ ರಸ ಎಂಬ ಅರ್ಥ. ಭಾಷಾಶಾಸ್ತ್ರಜ್ಞರು ‘ಅಂಥೊಸ್’ ಅನ್ನು ಇದರ ಜೊತೆ ಹೋಲಿಸುತ್ತಾರೆ. ಕುರುಡು ಎಂಬರ್ಥದ ‘ಅಂಧ’ ಬೇರೆ ಪದ, ಅದನ್ನು ಇಲ್ಲಿ ತರಬೇಡಿ.

ಒಂದು ಎಚ್ಚರಿಕೆ. ಹೆಸರಿನ ಹೂವನ್ನು ತೋರಿಸಬೇಕೆಂದು ನರ್ಸರಿಗೆ ಹೋದರೆ ‘ಆಫ್ರಿಕನ್ ವಯೊಲೆಟ್’ ಕೊಡುತ್ತಾರೆ. ಅದು ಬೇರೆಯೇ ಕುಟುಂಬದ ಗಿಡ. ನಿಮಗೆ ಬೇಕಾದ್ದು ವಯೋಲಾ ಒಡೊರಾಟಾ, ಸುವಾಸನೆಯ ವಯೊಲೆಟ್. ಯುನಾನಿಯಲ್ಲಿ ಬನಫ್ಷಾ ಎಂದು ಬಳಸುವುದು ಇದನ್ನೇ. ತಂಪು ಹವೆ, ಅರೆನೆರಳು, ಎಲೆಗೊಬ್ಬರ ಬೆರೆತ ತೇವದ ಮಣ್ಣು ಇದಕ್ಕೆ ಬೇಕು. ಮೆಲ್ಬರ್ನ್‌ನಲ್ಲಿ ಸುಲಭವಾಗಿ ಬರುತ್ತದೆ, ಚಳಿಗಾಲದಲ್ಲಿ ಹೂ ಬಿಡುತ್ತದೆ. ಬೇಸಿಗೆಯ ಮಧ್ಯಾಹ್ನದ ಬಿಸಿಲಿಗೆ ಇಟ್ಟರೆ ಎಲೆ ಸುಟ್ಟುಹೋಗುತ್ತದೆ.

---

ಕಡತ ನೋಡುವವ

ದಾಖಲೆಯ ವಿಷಯಕ್ಕೆ ಬರುತ್ತೇನೆ. ಈ ಹೆಸರಿಗೆ ಇರುವ ದೊಡ್ಡ ತೊಡಕನ್ನು ಯಾರೂ ಇನ್ನೂ ಹೇಳಿಲ್ಲ. ಅದು ಮೊದಲ ಅಕ್ಷರದ ಆಕಾರ.

ಇಂಗ್ಲಿಷಿನ ದೊಡ್ಡ ‘ಐ’ ಮತ್ತು ಸಣ್ಣ ‘ಎಲ್’ ಏರಿಯಲ್, ಹೆಲ್ವೆಟಿಕಾ ಥರದ ಫಾಂಟ್‌ಗಳಲ್ಲಿ ಒಂದೇ ಗೆರೆ. ಮೊದಲ ಅಕ್ಷರ ಮಾತ್ರ ದೊಡ್ಡದಾಗಿ, ಉಳಿದದ್ದು ಸಣ್ಣದಾಗಿ ಬರೆದಾಗ ಓದುವವರಿಗೆ ‘ಲಾಂಥೆ’ ಎಂದು ಕಾಣುತ್ತದೆ. ಯಾರಾದರೂ ಪರದೆ ನೋಡಿ ಕೈಯಿಂದ ಮತ್ತೆ ಟೈಪ್ ಮಾಡಿದರೆ ಎಲ್ ಒಳಗೆ ಸೇರುತ್ತದೆ. ಆಮೇಲೆ ಆಸ್ಪತ್ರೆಯ ಕಡತದಲ್ಲೋ ಶಾಲೆಯ ಪಟ್ಟಿಯಲ್ಲೋ ಹುಡುಕಿದರೆ ಹೆಸರು ಸಿಗುವುದಿಲ್ಲ, ಏಕೆಂದರೆ ಕಂಪ್ಯೂಟರಿಗೆ ಅವು ಎರಡು ಬೇರೆ ಅಕ್ಷರ. ಮಾಡಬೇಕಾದ್ದು:

ಕೈಯಲ್ಲಿ ತುಂಬುವ ಅರ್ಜಿಗಳಲ್ಲಿ ಇಡೀ ಹೆಸರನ್ನು ದೊಡ್ಡಕ್ಷರದಲ್ಲೇ ಬರೆಯಿರಿ, ‘ಐ’ಗೆ ಮೇಲೆ ಕೆಳಗೆ ಅಡ್ಡಗೆರೆ ಎಳೆಯಿರಿ. ನೀವೇ ಮುದ್ರಿಸುವ ಚೀಟಿ, ಲೇಬಲ್‌ಗಳಿಗೆ ವರ್ಡಾನಾ ಅಥವಾ ಟಹೋಮಾ ಬಳಸಿ, ಅವುಗಳಲ್ಲಿ ದೊಡ್ಡ ‘ಐ’ಗೆ ಅಡ್ಡಗೆರೆ ಇರುತ್ತದೆ. ಟೈಮ್ಸ್ ನ್ಯೂ ರೋಮನ್ ಕೂಡ ಸರಿ. ಫೋನಿನಲ್ಲಿ ಹೇಳುವಾಗ ‘ಇಂಡಿಯಾದ ಐ’ ಎಂದು ಶುರು ಮಾಡಿ. ಪಾಸ್‌ಪೋರ್ಟ್ ಮತ್ತು ವಿಮಾನದ ಟಿಕೆಟ್‌ಗಳಲ್ಲಿ ಹೆಸರು ಪೂರ್ತಿ ದೊಡ್ಡಕ್ಷರದಲ್ಲಿ ಬರುವುದರಿಂದ ಅಲ್ಲಿ ಈ ತೊಂದರೆ ಇಲ್ಲ.

ಇನ್ನೊಂದು: ಮೊದಲ ಮೂರು ಅಕ್ಷರ ಸೇರಿದರೆ ‘ಇಯಾನ್’ ಎಂಬ ಗಂಡು ಹೆಸರು, ಉಳಿದ ಮೂರು ಸೇರಿದರೆ ಇಂಗ್ಲಿಷಿನ ‘ದ’. ಫೋನಿನ ತಿದ್ದುವ ತಂತ್ರಾಂಶ ನಡುವೆ ಜಾಗ ಬಿಟ್ಟು ಎರಡು ಪದ ಮಾಡಬಲ್ಲದು. ನಿಮ್ಮ ಫೋನಿನ ನಿಘಂಟಿಗೆ ಹೆಸರನ್ನು ಸೇರಿಸಿಬಿಡಿ. ಸಂದೇಶ ಕಳಿಸುವ ಹತ್ತಿರದವರಿಗೂ ಹೇಳಿ.

ವಿಕ್ಟೋರಿಯಾ ರಾಜ್ಯದಲ್ಲಿ ಜನನವನ್ನು 60 ದಿನದೊಳಗೆ ನೋಂದಾಯಿಸಬೇಕು. ಅಷ್ಟರೊಳಗೆ ಕಾಗುಣಿತ ಗಟ್ಟಿಯಾಗಿರಲಿ, ಏಕೆಂದರೆ ಮುಂದಿನ ಎಲ್ಲ ದಾಖಲೆಯೂ ಆ ಪ್ರಮಾಣಪತ್ರವನ್ನೇ ನಕಲು ಮಾಡುತ್ತದೆ. ನಿಮ್ಮಲ್ಲಿ ಒಬ್ಬರು ಅಲ್ಲಿನ ಪ್ರಜೆ ಅಥವಾ ಕಾಯಂ ನಿವಾಸಿಯಾಗಿದ್ದರೆ ಮಗು ಹುಟ್ಟಿನಿಂದಲೇ ಆಸ್ಟ್ರೇಲಿಯಾದ ಪ್ರಜೆ. ಹಾಗಿದ್ದರೆ ಅಲ್ಲಿನ ಪಾಸ್‌ಪೋರ್ಟ್ ಮೊದಲು, ಒಸಿಐ ಆಮೇಲೆ. ಒಸಿಐ ಅರ್ಜಿಯಲ್ಲಿ ಹೆಸರು ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಅಕ್ಷರಕ್ಕೆ ಅಕ್ಷರ ಇರಬೇಕು. ನಾಮಕರಣದಲ್ಲಿ ಇಟ್ಟ ಇನ್ನೊಂದು ಹೆಸರನ್ನು ಅಲ್ಲಿ ಹೊಸದಾಗಿ ಸೇರಿಸಲು ಹೋಗಬೇಡಿ. ಇಬ್ಬರೂ ತಾತ್ಕಾಲಿಕ ವೀಸಾದಲ್ಲಿರುವ ಭಾರತೀಯರಾದರೆ ದಾರಿ ಬೇರೆ: ಒಂದು ವರ್ಷದೊಳಗೆ ಭಾರತೀಯ ಕಾನ್ಸುಲೇಟ್‌ನಲ್ಲಿ ಜನನ ನೋಂದಾಯಿಸಿ ಭಾರತೀಯ ಪಾಸ್‌ಪೋರ್ಟ್ ಮಾಡಿಸಬೇಕು.

ಕರ್ನಾಟಕದಲ್ಲಿದ್ದು ಇದನ್ನು ಓದುತ್ತಿರುವವರಿಗೆ: ಜನನವನ್ನು 21 ದಿನದೊಳಗೆ ತಿಳಿಸಬೇಕು, ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ. ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ, ಆಮೇಲೆ ತಡದ ಶುಲ್ಕ ಕಟ್ಟಿ 15 ವರ್ಷದವರೆಗೆ ಸೇರಿಸಬಹುದು. ನಮ್ಮ ಪ್ರಮಾಣಪತ್ರದಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎರಡೂ ಇರುವುದರಿಂದ ಕನ್ನಡ ರೂಪವನ್ನು ನೀವೇ ಬರೆದುಕೊಡಿ. ‘ನೀವೇ ಹಾಕಿಕೊಳ್ಳಿ’ ಎಂದು ಬಿಟ್ಟರೆ ‘ಇಯಾಂತೆ’ ಬರುವುದು ಹೆಚ್ಚುಕಡಿಮೆ ಖಚಿತ. ಆಧಾರ್ ನೋಂದಣಿಯಲ್ಲಿ ಇಂಗ್ಲಿಷ್ ಟೈಪ್ ಮಾಡಿದ ಕೂಡಲೇ ಕನ್ನಡ ರೂಪ ತಾನಾಗಿ ಮೂಡುತ್ತದೆ. ಒಪ್ಪಿಗೆ ಕೊಡುವ ಮೊದಲು ಪರದೆ ನೋಡಿ ತಿದ್ದಿಸಿ.

---

ಹೇಮಾವತಿ

ನನ್ನ ಅಭಿಪ್ರಾಯ ಬೇರೆ. ಮೊದಲ ಹೆಸರಾಗಿ ಇದು ಬೇಡ ಅನ್ನುತ್ತೇನೆ.

ಹೆಸರು ಕೇಳಿದವರಿಗೆ ಅರ್ಥ ತಾನಾಗಿ ಹೊಳೆಯಬೇಕು. ಇಳಾ, ಇಂಚರ ಎಂದರೆ ಕನ್ನಡ ಬಲ್ಲವರಿಗೆ ಹೊಳೆಯುತ್ತದೆ. ಇದು ಮೆಲ್ಬರ್ನ್‌ನ ಇಂಗ್ಲಿಷರಿಗೂ ಹೊಳೆಯುವುದಿಲ್ಲ, ಶಿವಮೊಗ್ಗದ ಅಜ್ಜಿಗೂ ಹೊಳೆಯುವುದಿಲ್ಲ. ಎರಡೂ ಕಡೆ ವಿವರಣೆ ಕೊಡುವ ಹೊರೆ ಆ ಮಗುವಿನ ತಲೆಯ ಮೇಲೆ ಬೀಳುತ್ತದೆ. ಇಂಗ್ಲಿಷ್ ಸಾಹಿತ್ಯದಲ್ಲಿ ಬೈರನ್, ಷೆಲ್ಲಿ, ಲ್ಯಾಂಡರ್ ಈ ಹೆಸರನ್ನು ಬಳಸಿದ್ದಾರೆ, ಷೆಲ್ಲಿ 1813ರಲ್ಲಿ ಹುಟ್ಟಿದ ಮಗಳಿಗೂ ಇದನ್ನೇ ಇಟ್ಟ. ಹಾಗಿದ್ದೂ ಇದು ಬಳಕೆಯ ಹೆಸರಾಗಲಿಲ್ಲ. ಉಚ್ಚಾರ ಓದುಗರ ಕೈಗೆ ಸಿಗದಿರುವುದೇ ಒಂದು ಕಾರಣ ಎಂದು ನನಗನಿಸುತ್ತದೆ.

ಎರಡನೆಯ ಹೆಸರಾಗಿ ಇಡಿ. ಆಸ್ಟ್ರೇಲಿಯಾದ ಜನನ ಪ್ರಮಾಣಪತ್ರದಲ್ಲಿ ಮಧ್ಯದ ಹೆಸರಿಗೆ ಜಾಗವಿದೆ. ಇಳಾ ಇಯಂಥಿ ಎಂದರೆ ಓದಲು ಎಷ್ಟು ಸೊಗಸು! ದೊಡ್ಡವಳಾದ ಮೇಲೆ ಬೇಕಾದ್ದನ್ನು ಅವಳೇ ಮುಂದೆ ತಂದುಕೊಳ್ಳಲಿ.

---

ಪಂಚಾಂಗದ ಪುಟ

ಹೇಮಾವತಿಯವರ ಮಾತಿಗೆ ಶಾಸ್ತ್ರದ ಬೆಂಬಲವೂ ಇದೆ, ವಿರೋಧವೂ ಇದೆ. ಮನುಸ್ಮೃತಿಯ ಎರಡನೇ ಅಧ್ಯಾಯದಲ್ಲಿ ಹೆಣ್ಣಿನ ಹೆಸರು ಸುಲಭವಾಗಿ ಉಚ್ಚರಿಸುವಂತೆ, ಮೃದುವಾಗಿ, ಅರ್ಥ ಸ್ಪಷ್ಟವಾಗಿ, ಮಂಗಳಕರವಾಗಿ, ದೀರ್ಘಸ್ವರದಲ್ಲಿ ಮುಗಿಯುವಂತೆ ಇರಬೇಕೆಂದಿದೆ. ಪಾರಸ್ಕರ ಗೃಹ್ಯಸೂತ್ರ ಅಕ್ಷರಗಳ ಸಂಖ್ಯೆ ಬೆಸವಿರಬೇಕೆನ್ನುತ್ತದೆ. ಇ-ಯಂ-ಥಿ ಮೂರು ಅಕ್ಷರ, ಬೆಸ. ಸಂಸ್ಕೃತದ ರೀತಿಯಲ್ಲಿ ‘ಇಯಂಥೀ’ ಎಂದರೆ ದೀರ್ಘವೂ ಆಯಿತು. ಅರ್ಥದ ಸ್ಪಷ್ಟತೆಯೊಂದರಲ್ಲಿ ಮಾತ್ರ ಕೊರತೆ.

ಪಾದಾಕ್ಷರದ ವಿಷಯದಲ್ಲಿ ಎಚ್ಚರ ಬೇಕು. ಕೃತ್ತಿಕೆಗೆ ಅ, ಈ, ಊ, ಏ. 1ನೇ ಪಾದ ಮೇಷ ರಾಶಿ, ಉಳಿದ ಮೂರು ವೃಷಭ. ‘ಇಯಂಥಿ’ ಎಂದರೆ ನಿಮ್ಮ 2ನೇ ಪಾದಕ್ಕೆ ಸರಿ. ಇಂಗ್ಲಿಷರಂತೆ ‘ಅಯಾಂಥಿ’ ಎಂದರೆ ಅಕ್ಷರ 1ನೇ ಪಾದಕ್ಕೆ ಹೋಗುತ್ತದೆ, ರಾಶಿಯೇ ಬದಲಾಗುತ್ತದೆ. ಮೊದಲ ಸ್ವರ ನುಂಗಿ ‘ಯಾಂಥಿ’ ಮಾಡಿಕೊಂಡರೆ ಅದು ಜ್ಯೇಷ್ಠಾ ನಕ್ಷತ್ರದ ಅಕ್ಷರ.

ಇದನ್ನು ನಂಬುವವರಿಗೂ ಸುಲಭದ ದಾರಿಯಿದೆ. ನಾಮಕರಣದಲ್ಲಿ ದೇವತಾನಾಮ, ಮಾಸನಾಮ, ನಕ್ಷತ್ರನಾಮ, ವ್ಯವಹಾರನಾಮ ಎಂದು ನಾಲ್ಕು ಹೆಸರು ಇಡುವ ಪದ್ಧತಿಯಿದೆ. ಅಕ್ಕಿಯ ಮೇಲೆ ಬರೆಯುವಾಗ ಮೊದಲ ಮೂರು ಸಂಪ್ರದಾಯದಂತೆ ಇರಲಿ, ಇಯಂಥಿ ವ್ಯವಹಾರನಾಮವಾಗಲಿ. ಪುರೋಹಿತರಿಗೆ ಹೆಸರನ್ನು ಮುಂಚೆಯೇ ಕನ್ನಡದಲ್ಲಿ ಬರೆದುಕೊಡಿ. ಕಿವಿಯಲ್ಲಿ ಹೇಳುವ ಹೊತ್ತಿಗೆ ಮೊದಲ ಸಲ ಇಂಗ್ಲಿಷ್ ಕಾಗುಣಿತ ತೋರಿಸಿದರೆ ತಪ್ಪು ಓದುತ್ತಾರೆ.

---

ಕರಾವಳಿ

ಇನ್ನೂ ಗಟ್ಟಿ ಮಾಡಿಲ್ಲವಾದರೆ ಬೇರೆ ಗ್ರೀಕ್ ಹೆಸರುಗಳನ್ನೂ ಇದೇ ತಕ್ಕಡಿಯಲ್ಲಿಟ್ಟು ನೋಡಬಹುದು. ಕ್ಸಾಂಥಿ ಎಂದರೆ ಹೊಂಬಣ್ಣದ ಕೂದಲಿನವಳು. ನಮ್ಮ ಕಪ್ಪು ಕೂದಲಿನ ಮಕ್ಕಳಿಗೆ ಅರ್ಥ ಹೊಂದುವುದಿಲ್ಲ, ಮೊದಲ ‘ಕ್ಸ’ ನಾಲಿಗೆಗೂ ಕಷ್ಟ. ಥಾಲಿಯಾ ‘ಅರಳುವವಳು’, ಅರ್ಥ ಒಳ್ಳೆಯದು, ಆದರೆ ನಮ್ಮಲ್ಲಿ ಊಟದ ಥಾಲಿ ಬರುತ್ತದೆ. ಡ್ಯಾಫ್ನಿ ಕಥೆಯಲ್ಲಿ ಅಪೋಲೊನಿಂದ ತಪ್ಪಿಸಿಕೊಳ್ಳಲು ಮರವಾದವಳು, ನನಗೆ ಆ ಕಥೆ ಮಗುವಿಗೆ ಬೇಡ ಅನಿಸುತ್ತದೆ.

ಕನ್ನಡ ನಾಡಿನ ನಂಟೇ ಬೇಕೆಂದರೆ ಖಾರಿಸ್ ಅಥವಾ ಖಾರಿಟಿಯನ್ ಇದೆ, ಕೃಪೆ, ಲಾವಣ್ಯ ಎಂಬ ಅರ್ಥ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ, 1903ರಲ್ಲಿ ಪ್ರಕಟವಾದ ಪಪೈರಸ್ ಪ್ರಹಸನದ ನಾಯಕಿ ಖಾರಿಟಿಯನ್. ಭಾರತದ ಕರಾವಳಿಯಲ್ಲಿ ಸೆರೆಯಾದ ಆಕೆಯನ್ನು ಅಣ್ಣ ಬಿಡಿಸಿಕೊಂಡು ಹೋಗುವ ಕಥೆ. ಅದರಲ್ಲಿ ಸ್ಥಳೀಯರು ಆಡುವ ಮಾತು ಕನ್ನಡ ಎಂದು ಜರ್ಮನ್ ವಿದ್ವಾಂಸ ಹುಲ್ಟ್ಸ್ ಸೂಚಿಸಿದರು, ಶಾಮಾಶಾಸ್ತ್ರಿ ಮತ್ತು ಗೋವಿಂದ ಪೈ ಅದರ ಬಗ್ಗೆ ಬರೆದರು. ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಎಷ್ಟೇ ಪ್ರೀತಿಯಿದ್ದರೂ ‘ಖಾರ’ದಿಂದ ಶುರುವಾಗುವ ಹೆಸರನ್ನು ಕನ್ನಡದ ಮಗುವಿಗೆ ಇಡಿ ಎಂದು ನಾನು ಹೇಳಲಾರೆ. ಇವೆಲ್ಲದರ ಎದುರು ಇಯಂಥಿಯೇ ಮೇಲು.

---

ತುಂಗಾತೀರ

ಎಲ್ಲರಿಗೂ ಧನ್ಯವಾದ. ‘ಅಂತೆ ಕಂತೆ’ ಮತ್ತು ‘ಐ–ಎಲ್’ ಎರಡೂ ನಮಗೆ ಹೊಳೆದೇ ಇರಲಿಲ್ಲ. ಕನ್ನಡದಲ್ಲಿ ಇಯಂಥಿ ಎಂದು ನಿರ್ಧರಿಸಿದ್ದೇವೆ. ಮೊದಲ ಹೆಸರೋ ಎರಡನೆಯದೋ ಎಂಬುದನ್ನು ಮನೆಯಲ್ಲಿ ಮಾತಾಡುತ್ತೇವೆ. ಒಂದು ಪ್ರಶ್ನೆ ಉಳಿದಿದೆ: ಇಂಗ್ಲಿಷ್ ಕಾಗುಣಿತದಲ್ಲಿ ಕೊನೆಯ ‘ಇ’ ಅಕ್ಷರದ ಬದಲು ‘ಐ’ ಹಾಕಿದರೆ ಉಚ್ಚಾರ ಸುಲಭವಾಗುತ್ತದೆಯೇ?

---

ಪದಮೂಲ

ಆಗುತ್ತದೆ, ನಿಮ್ಮ ಉಚ್ಚಾರಕ್ಕೆ ಅದೇ ಹೆಚ್ಚು ಹೊಂದುತ್ತದೆ. ಇಂದಿನ ಗ್ರೀಕರು ರೋಮನ್ ಲಿಪಿಯಲ್ಲಿ ಬರೆಯುವಾಗ ಈಟಾಗೆ ‘ಐ’ ಹಾಕುವುದೇ ರೂಢಿ. ಹಾಗಾಗಿ ಐ-ಎ-ಎನ್-ಟಿ-ಎಚ್-ಐ ನೀವು ಹೊಸದಾಗಿ ಕಟ್ಟಿದ ಕಾಗುಣಿತ ಅಲ್ಲ, ಗ್ರೀಕ್ ರೂಪವೇ. ಲಾಭ ಮೂರು: ಯಾರೂ ‘ಥೆ’ ಎಂದು ಓದುವುದಿಲ್ಲ, ಫೋನ್ ಅದನ್ನು ‘ಇಯಾನ್ ದ’ ಎಂದು ಒಡೆಯುವುದಿಲ್ಲ, ಆಧಾರ್ ಥರದ ಕಡೆ ತಾನಾಗಿ ಮೂಡುವ ಕನ್ನಡ ರೂಪ ‘ತಿ’ ಅಥವಾ ‘ಥಿ’ಯಲ್ಲೇ ಮುಗಿಯುತ್ತದೆ.

ನಷ್ಟವೂ ಇದೆ. ಇಂಗ್ಲಿಷ್ ಕವಿತೆಯಲ್ಲಿ, ಪುರಾಣದ ಪುಸ್ತಕದಲ್ಲಿ, 1868ರಲ್ಲಿ ಕಂಡುಹಿಡಿದ 98ನೇ ಕ್ಷುದ್ರಗ್ರಹದ ಹೆಸರಿನಲ್ಲಿ, ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಸರೋವರದ ಫಲಕದಲ್ಲಿ ಮಗಳು ನೋಡುವುದು ಕೊನೆಗೆ ‘ಇ’ ಇರುವ ರೂಪವನ್ನು. ಶಿಕ್ಷಕರು ಅದೇ ಸರಿ ಎಂದುಕೊಂಡು ಇವಳ ಹೆಸರನ್ನು ತಿದ್ದಲೂಬಹುದು.

ನೀವು ‘ಇ’ಯಿಂದ ಶುರುವಾಗುವ ಗ್ರೀಕ್ ಉಚ್ಚಾರವನ್ನೇ ಹಿಡಿದಿದ್ದೀರಾದ್ದರಿಂದ ನಾನು ಕೊನೆಗೆ ‘ಐ’ ಇರುವ ಕಾಗುಣಿತದ ಪರ. ಮೊದಲಕ್ಷರದ ‘ಐ–ಎಲ್’ ಗೊಂದಲ ಮಾತ್ರ ಎರಡರಲ್ಲೂ ಹಾಗೇ ಉಳಿಯುತ್ತದೆ. ಅದನ್ನು ತಪ್ಪಿಸಲು ಮೊದಲಿಗೆ ‘ವೈ’ ಹಾಕುವ ಯೋಚನೆ ಬಂದರೆ ಬಿಟ್ಟುಬಿಡಿ: ‘ವೈ’ ಹಾಕಿದರೆ ಎಲ್ಲರೂ ‘ಯಾಂಥಿ’ ಎನ್ನುತ್ತಾರೆ, ಮೂರು ಅಕ್ಷರದ ಹೆಸರು ಎರಡಕ್ಕಿಳಿಯುತ್ತದೆ, ಪಂಚಾಂಗದವರು ಹೇಳಿದ ‘ಈ’ ಕೂಡ ಹೋಗುತ್ತದೆ. ನೋಂದಣಿ ಅರ್ಜಿ ಕಳಿಸುವ ಮೊದಲು ಆರಿಸಿದ ಕಾಗುಣಿತವನ್ನು ಹೆಸರು ಗೊತ್ತಿಲ್ಲದ ಇಬ್ಬರು ಮೂವರಿಗೆ ಏನೂ ಹೇಳದೆ ತೋರಿಸಿ, ಒಬ್ಬರು ಗ್ರೀಕರು, ಒಬ್ಬರು ಇಂಗ್ಲಿಷ್ ಮಾತ್ರ ಬಲ್ಲವರು, ಒಬ್ಬರು ಊರಿನ ನೆಂಟರು ಇರಲಿ. ಅವರು ಓದಿದ್ದು ಕೇಳಿದ ಮೇಲೆ ಸಹಿ ಹಾಕಿ.